ಲಾವೋಸಿನಲ್ಲಿ ನೀರು ಕುಡಿದ ಮುನ್ನೂರೈವತ್ತು

ಸಪ್ತಾಪುರ

ನಾನು ಮೂರು ವರ್ಷಗಳಿಂದ, ಒಮ್ಮೆಯೂ ಓಡಿಸದ ಬೈಕುಗಳ ಬಗ್ಗೆ ತೀರ್ಪು ಕೊಡುತ್ತ ಬಂದವನು. ಹಗಲು ಧಾರವಾಡದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಸಂಜೆ ಸಪ್ತಾಪುರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಮೊಬೈಲಿನ ಮುಂದೆ ಕೂತು, ಕಾಡುಹಾದಿಗೆ ಯಾವ ಬೈಕು ಒಳ್ಳೆಯದೆಂದು ವಿಡಿಯೋ ಮಾಡುತ್ತೇನೆ. ಯಾವುದರ ಸೀಟು ಎಷ್ಟು ಎತ್ತರ, ಯಾವುದರ ತೂಕ ಎಷ್ಟು, ಕಲ್ಲಿನ ಮೇಲೆ ಹಾರಿದರೆ ಯಾವುದರ ಶಾಕ್ ಅಬ್ಸಾರ್ಬರ್ ಎಷ್ಟು ಕುಗ್ಗುತ್ತದೆ, ಎಲ್ಲ ಬಾಯಿಪಾಠ. ನಾನು ಓಡಿಸುವುದು ಮಾತ್ರ ಗೇರಿಲ್ಲದ ಸ್ಕೂಟರ್. ಕಾಲೇಜಿನ ದಾರಿಯಲ್ಲಿ ನಗರಪಾಲಿಕೆಯವರು ಅಗೆದು ಮರೆತ ಒಂದು ಗುಂಡಿಯೇ ನಾನು ಕಂಡ ಕಾಡುಹಾದಿ. ಇದನ್ನು ವಿಡಿಯೋದಲ್ಲಿ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಕೇಳಿದವರು ಚನ್ನಬಸಪ್ಪ ಕಾಕಾ. ಹುಬ್ಬಳ್ಳಿಯಲ್ಲಿ ಕಾಳುಕಡಿ ವ್ಯಾಪಾರ ಮಾಡಿ, ಈಗ ಅಂಗಡಿಯ ಗಾದಿಯನ್ನು ಮಗನಿಗೆ ಬಿಟ್ಟುಕೊಟ್ಟ ಅರವತ್ತೊಂದು ವರ್ಷದ ಮನುಷ್ಯ. ಕುಂದಗೋಳದ ಹತ್ತಿರ ಎರೆ ಹೊಲ. ಹರೆಯದಲ್ಲಿ, ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಿ ಹಾಕುವ ಹಳೇ ಟೂ ಸ್ಟ್ರೋಕ್ ಗಾಡಿಯ ಹಿಂದೆ ಬೀಜದ ಚೀಲ ಬಿಗಿದುಕೊಂಡು, ಮಳೆಗಾಲದ ಎರೆಯಲ್ಲೇ ಓಡಾಡಿದವರು. ಗಾಲಿಗೆ ಮಣ್ಣು ಮೆತ್ತಿಕೊಂಡು ನಿಂತಾಗ ಕೋಲಿನಿಂದ ಕೆರೆದು ಮುಂದೆ ಸಾಗಿದವರು. ಈಗ ಅವರಿಗೆ ಆ ಹೊಲದ ದಾರಿಗೂ ದಾಂಡೇಲಿ ಕಡೆಯ ಕಾಡಿಗೂ ಆಗುವಂಥ ಒಂದು ಫೋರ್ ಸ್ಟ್ರೋಕ್ ಎಂಡ್ಯೂರೋ, ಅಂದರೆ ಕಾಡುಹಾದಿಯ ಬೈಕು, ಬೇಕಾಗಿತ್ತು. ಒಂದು ರವಿವಾರ ಮನೆಗೆ ಬಂದು, ಚಹಾ ಕುಡಿದು, ಬಶಿ ಕೆಳಗಿಟ್ಟು ಹೇಳಿದರು:

"ಮಾಸ್ತರ್ರ, ನಿಮ್ಮ ಎಲ್ಲಾ ವಿಡಿಯೋ ನೋಡೇನಿ. ನಾ ಆರಿಸಿಟ್ಟ ಮೂರೂ ಗಾಡಿ ಛಲೋ ಅಂತೀರಿ, ಮೂರಕ್ಕೂ ಒಂದೊಂದು ಕೊಂಕು ತಗೀತೀರಿ. ಖರೇ ಹೇಳ್ರಿ, ನೀವು ಓಡಿಸಿದ್ದು ಯಾವುದು?"

ಇಲ್ಲಿ ಅವು ಮೂರೂ ಒಟ್ಟಿಗೆ ಓಡಿಸಲು ಸಿಗುವುದಿಲ್ಲ ಎಂದೆ. ಅದು ಸುಳ್ಳಲ್ಲ. ಕಾಕಾ ತಲೆಯಾಡಿಸಿ ಹೋದರು. ನಾಲ್ಕು ದಿನದ ನಂತರ ಫೋನ್ ಮಾಡಿ, ಲಾವೋಸ್ ಅನ್ನೋ ದೇಶದಾಗ ಮೂರೂ ಬಾಡಿಗಿಗೆ ಸಿಗತಾವಂತ, ದೀಪಾವಳಿ ಸೂಟಿಯಾಗ ಹೋಗಿ ಬರೋಣ, ನೀವು ಓಡಿಸಿ ತೋರಿಸ್ರಿ ಅಂದರು. ಅವರ ತಮ್ಮನ ಮಗಳು ಇಂಟರ್ನೆಟ್ಟಿನಲ್ಲಿ ಹುಡುಕಿ ಕೊಟ್ಟಿದ್ದಳು. ಇಲ್ಲವೆನ್ನಲು ನನ್ನ ಬಳಿ ಕಾರಣವಿರಲಿಲ್ಲ, ನಿಜವಾದದ್ದೊಂದನ್ನು ಬಿಟ್ಟು. ನನ್ನ ಹೆಂಡತಿ ಚೀಲ ತುಂಬುತ್ತ ಕೇಳಿದ್ದು ಒಂದೇ ಮಾತು: ನಿಮಗ ಗೇರಿನ ಗಾಡಿ ಬರ್ತದೇನ್ರಿ? ಬರುತ್ತಿತ್ತು. ಇಪ್ಪತ್ತು ವರ್ಷದ ಹಿಂದೆ.

ಲುವಾಂಗ್ ಪ್ರಬಾಂಗ್

ಎರಡು ನದಿ ಕೂಡುವ ಜಾಗದಲ್ಲಿ ಇರುವ ಊರು. ಬೌದ್ಧ ಮಠಗಳು, ಕೆಂಪು ಹೆಂಚಿನ ಮನೆಗಳು, ಕಾವಿ ಉಟ್ಟ ಮರಿ ಭಿಕ್ಷುಗಳು. ಆದರೆ ಹುಬ್ಬಳ್ಳಿಯಿಂದ ಹೋದವನಿಗೆ ಮೊದಲು ಕಾಣುವುದು ಇವು ಯಾವುವೂ ಅಲ್ಲ, ಅಲ್ಲಿಯ ಮೌನ. ಅಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ. ನಮ್ಮ ಹುಬ್ಬಳ್ಳಿಯ ದುರ್ಗದಬೈಲು ಪೇಟೆಯಲ್ಲಿ ಹಾರ್ನ್ ಕೆಟ್ಟರೆ ಗಾಡಿಯನ್ನು ಮನೆಯಿಂದ ಹೊರಗೆ ತೆಗೆಯುವುದಿಲ್ಲ; ಬ್ರೇಕು ಕೆಟ್ಟರೆ ತೆಗೆಯುತ್ತೇವೆ. ಇಲ್ಲಿ ಮುಂದಿನವನು ಅಡ್ಡ ನಿಂತರೆ ಹಿಂದಿನವನು ಸುಮ್ಮನೆ ಕಾಯುತ್ತಾನೆ. ಕಾಕಾ ಇದನ್ನು ಬಹಳ ಹೊತ್ತು ನೋಡಿ, ಇವರಿಗೆ ಹೋಗೂ ಊರ ಇಲ್ಲೇನೋ ಎಂದು ಸಂಶಯ ಪಟ್ಟರು. ಮಧ್ಯಾಹ್ನ ಅಂಗಡಿಯವರೂ ಮಲಗಿರುತ್ತಾರೆ. ಗಿರಾಕಿ ಬಂದರೆ ಎಬ್ಬಿಸುವುದಿಲ್ಲ, ಏಳುವ ತನಕ ತಾನೂ ಬೆಂಚಿನ ಮೇಲೆ ಕೂರುತ್ತಾನೆ. ನಲವತ್ತು ವರ್ಷ ಗಾದಿಯ ಮೇಲೆ ಕಣ್ಣು ಮುಚ್ಚದೆ ಕೂತ ಕಾಕಾಗೆ ಇದು ತಮಗೇ ಮಾಡಿದ ಅವಮಾನದಂತೆ ಕಂಡಿತು.

ಊಟದ ಕಷ್ಟ ಬೇರೆ. ಹಸಿ ಪರಂಗಿಕಾಯಿಯ ಕೋಸಂಬರಿ ಎಂದು ನಂಬಿ ಬಾಯಿಗಿಟ್ಟರೆ ಅದರಲ್ಲಿ ಮೀನಿನ ರಸ. ಬರೀ ಮೆಣಸಿನಕಾಯಿ ಚಟ್ನಿ ಕೊಡಿ ಎಂದರೆ ಅದರಲ್ಲಿ ಎಮ್ಮೆ ಚರ್ಮದ ಚೂರು. ಕೊರಳಲ್ಲಿ ಇಷ್ಟಲಿಂಗ ಧರಿಸಿದ ಕಾಕಾ ಸಿಟ್ಟಾಗಲಿಲ್ಲ. ಬಿದಿರಿನ ಪುಟ್ಟಿಯಲ್ಲಿ ಕೊಟ್ಟ ಅಂಟು ಅನ್ನವನ್ನು ಮುಷ್ಟಿ ಮಾಡಿ, ಮನೆಯಿಂದ ತಂದ ಶೇಂಗಾ ಚಟ್ನಿಪುಡಿಯಲ್ಲಿ ಅದ್ದಿಕೊಂಡು ತಿಂದರು. ಐದು ದಿನ ಇಬ್ಬರೂ ಅದನ್ನೇ ತಿಂದೆವು.

ಬಾಡಿಗೆ ಅಂಗಡಿ ನೋಯಿ ಎಂಬ ಹೆಂಗಸಿನದು. ತೆಳ್ಳಗಿನ, ನಗದ, ಲೆಕ್ಕದ ಮಾತಿನ ಹೆಂಗಸು. ನಮ್ಮ ಪಾಸ್‌ಪೋರ್ಟ್ ಇಸಿದುಕೊಂಡು ಡ್ರಾಯರಿಗೆ ಹಾಕಿದಳು. ದಾರಿ ತೋರಿಸಲು ಖಾಮ್ಸಿಂಗ್ ಎಂಬವನನ್ನು ಕೊಟ್ಟಳು. ಫೋನಿನಲ್ಲಿ ಹೆಸರು ಕೇಳಿದಾಗಿನಿಂದ ಕಾಕಾ ಯಾರೋ ಸರದಾರ ಬರುತ್ತಾನೆಂದು ಕಾದಿದ್ದರು. ಬಂದವನು ಮೂವತ್ತರ ಆಸುಪಾಸಿನ, ನನ್ನ ಭುಜದಷ್ಟು ಎತ್ತರದ, ಕಡಿಮೆ ಮಾತಿನ ಮನುಷ್ಯ. ಆದರೂ ಕಾಕಾ ಕೊನೆಯ ತನಕ ಅವನನ್ನು ಸಿಂಗ್‌ಜಿ ಎಂದೇ ಕರೆದರು, ಹುಬ್ಬಳ್ಳಿ ಹಿಂದಿಯಲ್ಲಿ ಮಾತಾಡಿದರು. ಅವನು ಲಾವೋ ಭಾಷೆಯಲ್ಲಿ ಉತ್ತರಿಸಿದ. ಇಬ್ಬರಿಗೂ ಎಲ್ಲ ತಿಳಿಯುತ್ತಿತ್ತು. ಇಂಗ್ಲಿಷಿನಲ್ಲಿ ಮಾತಾಡಿದ ನನಗೂ ಅವನಿಗೂ ಮಾತ್ರ ಎರಡೆರಡು ಸಲ ಹೇಳಬೇಕಾಗುತ್ತಿತ್ತು.

ಮೂರು ಗಾಡಿ ಸಾಲಾಗಿ ನಿಂತಿದ್ದವು. ಇನ್ನೂರೈವತ್ತು ಸಿಸಿಯದು ಹಳೇ ಪೈಕಿ: ಗಾಳಿಗೇ ತಣ್ಣಗಾಗುವ ಎಂಜಿನ್, ಕಾರ್ಬ್ಯುರೇಟರ್, ಸುಕ್ಕುಗಟ್ಟಿದ ಸೀಟು. ನನ್ನ ವಿಡಿಯೋದಲ್ಲಿ ಇದನ್ನು 'ಕಾಲ ಮುಗಿದ ಯಂತ್ರ' ಎಂದಿದ್ದೆ. ಮುನ್ನೂರೈವತ್ತು ರೇಸಿಗೆಂದೇ ಹುಟ್ಟಿದ್ದು: ಹಗುರ, ಚೂಪು, ಸೀಟು ನನ್ನ ಸೊಂಟಕ್ಕಿಂತ ಮೇಲೆ. ಇದನ್ನು 'ತಜ್ಞರ ಆಯ್ಕೆ' ಎಂದಿದ್ದೆ. ನಾನೂರೈವತ್ತು ದಪ್ಪಗೆ, ಅಗಲ ಸೀಟಿನ, ರಸ್ತೆಗೂ ಆದೀತು ಕಾಡಿಗೂ ಆದೀತು ಎನ್ನುವ ಜಾತಿ. ಅದಕ್ಕೆ 'ಕುಟುಂಬಸ್ಥರ ಎಂಡ್ಯೂರೋ' ಎಂದು ನಾನೇ ಬಿರುದು ಕೊಟ್ಟಿದ್ದೆ.

ತಜ್ಞ ತಜ್ಞರ ಆಯ್ಕೆಯನ್ನು ಹತ್ತಲು ಹೋದ. ಕಾಲು ಮೇಲಕ್ಕೆ ಹೋಗಲಿಲ್ಲ. ನೋಯಿ ಮುಖದಲ್ಲಿ ಏನೂ ತೋರಿಸದೆ ಒಳಗಿನಿಂದ ಪ್ಲಾಸ್ಟಿಕ್ ಸ್ಟೂಲು ತಂದಿಟ್ಟಳು. ಹತ್ತಿ ಕೂತರೆ ಎರಡೂ ಕಾಲು ನೆಲ ಮುಟ್ಟದೆ, ಗೋಡೆಯ ಮೇಲೆ ಕೂತವನಂತೆ ತೂಗಾಡಿದೆ. ಕಾಕಾ ಧೋತರ ಬಿಟ್ಟು ಜೀನ್ಸ್ ಹಾಕಿಕೊಂಡಿದ್ದರು. ಇನ್ನೂರೈವತ್ತರ ಎಂಜಿನ್ನಿನ ಮೇಲೆ ಎತ್ತಿನ ಬೆನ್ನು ಸವರುವಂತೆ ಒಮ್ಮೆ ಕೈಯಾಡಿಸಿ ಹತ್ತಿದರು. ಒಂದೇ ಕಿಕ್ಕಿಗೆ ಚಾಲೂ.

ನೋಂಗ್ ಖಿಯಾವ್‌ನ ದಾರಿ

ಬೆಟ್ಟಗಳ ನಡುವಿನ ನೋಂಗ್ ಖಿಯಾವ್ ಎಂಬ ಊರಿನ ಕಡೆ ಹೊರಟೆವು. ಲಾವೋಸಿನಲ್ಲಿ ಬಲಕ್ಕೆ ಓಡಿಸಬೇಕು. ಇದು ನನಗೆ ಗೊತ್ತಿತ್ತು, ಗೊತ್ತಿದ್ದೂ ಮೊದಲ ತಿರುವಿನಲ್ಲಿ ಎಡಕ್ಕೆ ಹೋಗಿ ಭತ್ತದ ಲಾರಿಯೊಂದರ ಎದುರು ನಿಂತೆ. ಲಾರಿಯವನು ಹಾರ್ನ್ ಹೊಡೆಯಲಿಲ್ಲ, ಬೈಯಲಿಲ್ಲ, ನಾನು ಸರಿಯುವ ತನಕ ಕಾದ. ಬೈದಿದ್ದರೆ ಮನೆಯಲ್ಲೇ ಇದ್ದಂತೆ ಅನಿಸುತ್ತಿತ್ತು.

ನಾವು ಮೂವರೂ ದಿನಕ್ಕೊಂದು ಗಾಡಿ ಬದಲಿಸಬೇಕೆಂದು ಒಪ್ಪಂದ. ಮೊದಲ ದಿನ ನನಗೆ ನಾನೂರೈವತ್ತು. ಡಾಂಬರಿನ ಮೇಲೆ ಅದು ಪಲ್ಲಂಗದಂತೆ ಹೋಯಿತು. ನಾನು ಹೆಲ್ಮೆಟ್ಟಿಗೆ ಅಂಟಿಸಿದ ಕ್ಯಾಮೆರಾದಲ್ಲಿ ಸಮತೋಲ, ಟಾರ್ಕು ಎಂದೆಲ್ಲ ಹೇಳುತ್ತ ಹೋದೆ. ಡಾಂಬರು ಮುಗಿಯಿತು. ಮಳೆಗಾಲ ಆಗಷ್ಟೇ ಮುಗಿದಿತ್ತು. ಅಲ್ಲಿಯ ಕೆಂಪು ಮಣ್ಣು ನಮ್ಮ ಎರೆಯಂತೆ ಗಾಲಿಯನ್ನು ಅಪ್ಪಿ ಹಿಡಿಯುವುದಿಲ್ಲ, ಸಾಬೂನು ಹಚ್ಚಿದ ಬಚ್ಚಲಿನಂತೆ ಕಾಲು ಜಾರಿಸುತ್ತದೆ. ಮೊದಲ ಏರಿನಲ್ಲೇ ಕುಟುಂಬಸ್ಥರ ಎಂಡ್ಯೂರೋ ಅಡ್ಡ ಮಲಗಿತು, ನಾನು ಅದರ ಪಕ್ಕದಲ್ಲಿ. ಎತ್ತಲು ಮೂವರು ಬೇಕಾದೆವು. ಎತ್ತಿ ನಿಲ್ಲಿಸಿ ಏದುಸಿರು ಬಿಡುತ್ತಿರುವಾಗ, ಸಣ್ಣ ಗಾಲಿಯ ನೂರ ಹತ್ತು ಸಿಸಿ ಮೊಪೆಡ್ಡಿನಂಥ ಗಾಡಿಯ ಮೇಲೆ ಹವಾಯಿ ಚಪ್ಪಲಿ ಹಾಕಿದ ಒಬ್ಬ ಹೆಂಗಸು, ಮುಂದೆ ಒಂದು ಕೂಸು, ಹಿಂದೆ ಬುಟ್ಟಿಯಲ್ಲಿ ಜೀವಂತ ಹಂದಿಮರಿ ಇಟ್ಟುಕೊಂಡು, ಅದೇ ಏರನ್ನು ಹತ್ತಿ ಹೋದಳು. ಹಂದಿ ಮಾತ್ರ ನಮ್ಮ ಕಡೆ ತಿರುಗಿ ನೋಡಿತು.

ಆ ತುಣುಕನ್ನು ನಾನು ಕ್ಯಾಮೆರಾದಿಂದ ಅಳಿಸಿದೆ.

ಎರಡನೇ ದಿನ ಇನ್ನೂರೈವತ್ತು ನನ್ನ ಪಾಲಿಗೆ ಬಂತು. ಅದು ನನ್ನನ್ನು ಕ್ಷಮಿಸುತ್ತ ನಡೆಯಿತು. ತಪ್ಪು ಗೇರಿನಲ್ಲಿದ್ದರೂ ಗುರುಗುಟ್ಟಿ ಏರಿತು, ಬಿದ್ದರೆ ಒಬ್ಬನೇ ಎತ್ತಿದೆ. ಕಾಕಾ ಅಂದು ಮುನ್ನೂರೈವತ್ತು ಓಡಿಸಿದರು. ಅದು ಆಕ್ಸಿಲರೇಟರಿನ ಹಿಡಿ ತಿರುವಿದರೆ ಹಾರುವ ಕುದುರೆ. ಇಳಿದ ಮೇಲೆ ಖಾಮ್ಸಿಂಗನನ್ನು ಅವರು ಕೇಳಿದ್ದು ಅಶ್ವಶಕ್ತಿ ಎಷ್ಟೆಂದಲ್ಲ, ಎಷ್ಟು ದಿನಕ್ಕೊಮ್ಮೆ ಎಣ್ಣೆ ಬದಲಿಸಬೇಕೆಂದು. ಅವನು ಹದಿನೈದು ತಾಸಿಗೊಮ್ಮೆ ಎಂದು ಬೆರಳು ಎಣಿಸಿ ತೋರಿಸಿದ. ದಿನ ಅಲ್ಲ, ತಾಸು. ಕಾಕಾ ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, ಇದು ಗಾಡಿ ಅಲ್ಲ, ಮನಿಗಿ ಬಂದ ಅಳಿಯಾ ಎಂದರು.

ಆ ಸಂಜೆ ಬೆಟ್ಟದ ಮೇಲಿನ ಹಳ್ಳಿಯೊಂದರಲ್ಲಿ, ಕಂಬಗಳ ಮೇಲೆ ಕಟ್ಟಿದ ಬಿದಿರಿನ ಮನೆಯಲ್ಲಿ ಉಳಿದೆವು. ಆ ಮನೆಯವರು ನಮ್ಮ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿ ಹರಸಿದರು. ಖಾಮ್ಸಿಂಗ್ ಊಟಕ್ಕೆ ಬರಲಿಲ್ಲ. ಕೆಳಗೆ ಕೂತು ಮುನ್ನೂರೈವತ್ತರ ಏರ್ ಫಿಲ್ಟರ್ ತೆಗೆದು, ತೊಳೆದು, ಎಣ್ಣೆ ಸವರಿ, ಮತ್ತೆ ಕೂರಿಸಿ, ನಾಲ್ಕು ಸ್ಕ್ರೂ ಬಿಗಿ ಮಾಡಿದ. ನಾನು ಮೇಲಿನಿಂದ ನೋಡುತ್ತಿದ್ದೆ. ನಾಳೆ ಅದು ನನ್ನ ಪಾಲಿನ ಗಾಡಿ.

ಹಳ್ಳ

ಮೂರನೇ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಒಂದು ಹಳ್ಳ ಅಡ್ಡ ಬಂತು. ಅಗಲ ಬಹಳವಲ್ಲ, ನಮ್ಮ ಬೆಣ್ಣೆಹಳ್ಳ ಬೇಸಿಗೆಯಲ್ಲಿ ಇರುವಷ್ಟು. ಖಾಮ್ಸಿಂಗ್ ನಡೆದು ಹೋಗಿ ಆಳ ನೋಡಿದ. ಎಡಕ್ಕೆ ಕಲ್ಲಿನ ಹಾಸಿನ ಮೇಲೆ ಹೋಗಿ, ಬಲಕ್ಕೆ ಗುಂಡಿ ಇದೆ ಎಂದು ನನಗೆ ಎರಡು ಸಲ ಹೇಳಿದ. ಅವನು ದಾಟಿದ, ಕಾಕಾ ದಾಟಿದರು. ನಾನು ನಡುನೀರಿಗೆ ಬಂದಾಗ ಕಲ್ಲು ಜಾರಿತು, ಗಾಬರಿಯಲ್ಲಿ ಹಿಡಿ ಪೂರ್ತಿ ತಿರುವಿದೆ, ತಜ್ಞರ ಆಯ್ಕೆ ನನ್ನನ್ನು ಹೊತ್ತುಕೊಂಡು ನೆಟ್ಟಗೆ ಬಲಕ್ಕೆ ಹಾರಿತು. ಗಾಡಿ ಸೀಟಿನ ತನಕ ಮುಳುಗಿ, ಗುಳುಗುಳು ಎಂದು ಬಂದಾಯಿತು. ನಾನು ಎದೆಮಟ್ಟ ನೀರಲ್ಲಿ ಅದನ್ನು ಹಿಡಿದು ನಿಂತೆ.

ಇಲ್ಲಿ ಒಂದು ಮಾತು ಹೇಳಬೇಕು. ನೀರಲ್ಲಿ ಮುಳುಗಿದ ಫೋರ್ ಸ್ಟ್ರೋಕ್ ಎಂಜಿನ್ನಿಗೆ ಸೆಲ್ಫ್ ಬಟನ್ ಒತ್ತಬಾರದು. ಮೊದಲು ದಡಕ್ಕೆ ಎಳೆದು, ಪ್ಲಗ್ ಬಿಚ್ಚಿ, ಒಳಗಿನ ನೀರು ಹೊರಗೆ ಹಾಕಬೇಕು. ಯಾಕೆಂದರೆ ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗದು. ಪಿಸ್ಟನ್ ಮೇಲೆ ಬಂದು ನೀರಿಗೆ ಗುದ್ದಿದರೆ ನೀರು ಬಗ್ಗುವುದಿಲ್ಲ, ಅದನ್ನು ನೂಕುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಈ ವಿಷಯದ ಮೇಲೆ ನಾನು ಹನ್ನೆರಡು ನಿಮಿಷದ ವಿಡಿಯೋ ಮಾಡಿದ್ದೇನೆ. ದ್ರವವನ್ನು ಕುಗ್ಗಿಸಲಾಗದು ಎಂಬ ಪಾಠವನ್ನು ಹದಿನೆಂಟು ವರ್ಷದಿಂದ ಕರಿಹಲಗೆಯ ಮೇಲೆ ಬರೆಯುತ್ತಿದ್ದೇನೆ.

ಒತ್ತಿದೆ. ದಡದಲ್ಲಿ ಇಬ್ಬರು ನೋಡುತ್ತಿದ್ದಾರೆ, ಲಗೂ ಚಾಲೂ ಆದರೆ ಸಾಕು ಎಂಬುದೊಂದೇ ತಲೆಯಲ್ಲಿತ್ತು. ಒತ್ತಿದೆ, ಮತ್ತೆ ಒತ್ತಿದೆ. ಮೂರನೇ ಸಲಕ್ಕೆ ಎಂಜಿನ್ ಒಂದು ಉಸಿರು ಹಿಡಿದು, ಒಳಗೆ ಕಟ್ ಎಂದು, ಹಾಗೇ ಬಿಗಿದುಕೊಂಡಿತು.

ದಡಕ್ಕೆ ಎಳೆದ ಮೇಲೆ ಖಾಮ್ಸಿಂಗ್ ಪ್ಲಗ್ ಬಿಚ್ಚಿದ. ನೀರು ಬಂತು. ಗೇರಿಗೆ ಹಾಕಿ ಹಿಂದಿನ ಗಾಲಿ ತಿರುವಲು ನೋಡಿದ. ತಿರುಗಲಿಲ್ಲ. ಹಳ್ಳ ದಾಟಿದ ಮೇಲೂ ಅವನು ತನ್ನ ಎಂಜಿನ್ ಬಂದ್ ಮಾಡಿರಲಿಲ್ಲ, ಸೆಲ್ಫಿನ ಸಪ್ಪಳ ಅವನಿಗೆ ಕೇಳಿಸಿರಲಿಲ್ಲ. ಆಗ ನನ್ನ ಮುಖ ನೋಡಿ, ಸೆಲ್ಫ್ ಒತ್ತಿದಿರಾ ಎಂದು ಕೇಳಿದ. ಇಲ್ಲ ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ನಿಲ್ಲಿಸಲಿಲ್ಲ. ಎಂಜಿನ್ ಓಡುತ್ತಿರುವಾಗಲೇ ನೀರು ಒಳಗೆ ಹೋಗಿರಬೇಕು, ಏರ್ ಫಿಲ್ಟರ್ ಸರಿಯಾಗಿ ಕೂತಿರಲಿಲ್ಲವೇನೋ, ಸ್ಕ್ರೂ ಸಡಿಲವಿದ್ದರೆ ಹೀಗಾಗುತ್ತದೆ ಎಂದು ವಿವರಿಸಿದೆ. ಬಹಳ ಚೆನ್ನಾಗಿ ವಿವರಿಸಿದೆ. ಇಡೀ ಪ್ರವಾಸದಲ್ಲಿ ನನ್ನ ಪಾಂಡಿತ್ಯ ಕೆಲಸಕ್ಕೆ ಬಂದದ್ದು ಆ ಒಂದು ಸಲ.

ಖಾಮ್ಸಿಂಗ್ ಏರ್ ಫಿಲ್ಟರಿನ ಮುಚ್ಚಳವನ್ನು ಬೆರಳಿನಿಂದ ಮುಟ್ಟಿ ನೋಡಿದ. ಬೀಳುವಾಗ ಕಲ್ಲಿಗೆ ತಾಗಿ ಅದು ಒಡೆದಿತ್ತು, ಸಡಿಲವಿತ್ತೋ ಬಿಗಿಯಿತ್ತೋ ಎಂದು ಹೇಳುವಂತಿರಲಿಲ್ಲ. ಕಾಕಾ ಸ್ವಲ್ಪ ದೂರದಲ್ಲಿ ಬೂಟಿನೊಳಗಿನ ನೀರು ಬಗ್ಗಿಸುತ್ತ ಕೂತಿದ್ದರು. ತಲೆ ಎತ್ತಲಿಲ್ಲ.

ಹತ್ತಿರದ ಹಳ್ಳಿಯಿಂದ ಒಬ್ಬ ರೈತ ಕೈಯಲ್ಲಿ ನಡೆಸುವ ಸಣ್ಣ ಟ್ರ್ಯಾಕ್ಟರ್ ತಂದ. ಅದರ ಹಿಂದಿನ ಬಂಡಿಯಲ್ಲಿ ಭತ್ತದ ಚೀಲಗಳ ಮೇಲೆ ಮುನ್ನೂರೈವತ್ತನ್ನು ಮಲಗಿಸಿದರು. ಜಾರದಂತೆ ಅದನ್ನು ಅಪ್ಪಿ ಹಿಡಿಯಲು ನನ್ನನ್ನು ಕೂರಿಸಿದರು. ಡಾಂಬರು ಸಿಗುವ ತನಕ ಐದು ತಾಸು, ಮನುಷ್ಯ ನಡೆಯುವ ವೇಗದಲ್ಲಿ, ತಜ್ಞರ ಆಯ್ಕೆಯನ್ನು ತಬ್ಬಿಕೊಂಡು ಬಂದೆ. ಮುಂದೆ ಖಾಮ್ಸಿಂಗ್ ಫೋನಿನಲ್ಲಿ ನೋಯಿಯೊಂದಿಗೆ ಮಾತಾಡುತ್ತಿದ್ದ. ಭಾಷೆ ತಿಳಿಯಲಿಲ್ಲ. ತಗ್ಗಿದ ದನಿ ತಿಳಿಯಿತು.

ಮತ್ತೆ ಲುವಾಂಗ್ ಪ್ರಬಾಂಗ್

ವಿಮಾನಕ್ಕೆ ಇನ್ನೂ ಎರಡು ದಿನವಿತ್ತು. ಒಂದು ದಿನ ನಾನು ಕೋಣೆಯಲ್ಲಿ ಮಲಗಿ ಕಳೆದೆ, ಜ್ವರ ಬಂದಂತಿದೆ ಎಂದೆ. ಎರಡನೇ ದಿನ ಬೆಳಿಗ್ಗೆ ಕಾಕಾ ಜಗಲಿಯ ಮೇಲೆ ಲಿಂಗಪೂಜೆ ಮುಗಿಸಿ, ವಿಭೂತಿ ಗಟ್ಟಿಯನ್ನು ಬಟ್ಟೆಯಲ್ಲಿ ಸುತ್ತುತ್ತ ಹೇಳಿದರು:

"ಮಾಸ್ತರ್ರ, ನನ್ನ ಮೊಣಕಾಲ ಹೋಗ್ಯಾವ, ಕಣ್ಣು ಮಂಜಾಗ್ಯಾವ. ಕಿವಿ ಇನ್ನೂ ಛಲೋ ಅದಾವ. ಹಳ್ಳದಾಗ ಮೂರು ಸಲ ಸೆಲ್ಫ್ ಹೊಡದ ಸಪ್ಪಳ ಕೇಳೇನಿ."

ನಾನು ಮಣಿಕಟ್ಟಿನ ಬಿಳಿ ದಾರ ತಿರುವುತ್ತ ಕೂತೆ.

"ನಾ ಯಾರಿಗೂ ಹೇಳೂದಿಲ್ಲರಿ. ಬಾಯಿ ನಿಮ್ಮದು."

ಇಷ್ಟೇ. ಆಮೇಲೆ ಅವರು ನದಿಯ ಕಡೆ ನೋಡುತ್ತ, ಎರಡ್ನೂರಾ ಐವತ್ತು ಛಲೋ ಐತಿ, ಅಂಥಾದ್ದೊಂದು ನೋಡ್ತೇನಿ ಎಂದು ಬೇರೆ ಮಾತಿಗೆ ಹೋದರು. ನನ್ನ ಅಭಿಪ್ರಾಯ ಕೇಳಲಿಲ್ಲ.

ಪಾಸ್‌ಪೋರ್ಟ್ ತರಲು ಅಂಗಡಿಗೆ ಹೋದೆವು. ಖಾಮ್ಸಿಂಗ್ ಹಿಂದಿನ ಅಂಗಳದಲ್ಲಿ ಮೊಣಕಾಲ ತನಕ ಪ್ಯಾಂಟು ಮಡಚಿ ಬೈಕು ತೊಳೆಯುತ್ತಿದ್ದ. ಮುಂದೆ ಇಬ್ಬರು ಬಿಳಿಯರ ಜೊತೆ ನಕಾಶೆ ಹಿಡಿದು ನಿಂತವನು ಬೇರೆಯವನು. ಮುನ್ನೂರೈವತ್ತರ ಎಂಜಿನ್ ಬಿಚ್ಚಿ ಗೋಣಿತಟ್ಟಿನ ಮೇಲೆ ಹರಡಿದ್ದರು. ನೋಯಿ ನಮಗೆ ಕಿತ್ತಳೆ ಹಣ್ಣು ಸುಲಿದು ಕೊಟ್ಟಳು. ಕ್ಷಮೆ ಕೇಳಿದಳು. ಅವಳು, ನಮ್ಮನ್ನು. ಖಾಮ್ಸಿಂಗ್ ಫಿಲ್ಟರ್ ಸರಿಯಾಗಿ ಹಾಕಿರಲಿಲ್ಲ, ತಾನೇ ಒಪ್ಪಿಕೊಂಡಿದ್ದಾನೆ, ಈ ವರ್ಷ ಅವನನ್ನು ಇನ್ನು ಬೆಟ್ಟಕ್ಕೆ ಕಳಿಸುವುದಿಲ್ಲ, ತೊಳೆಯುವ ಕೆಲಸಕ್ಕೆ ಹಾಕಿದ್ದೇನೆ, ನಿಮ್ಮ ಪ್ರವಾಸ ಹಾಳಾಯಿತು ಎಂದಳು. ಡ್ರಾಯರ್ ಎಳೆದು ಪಾಸ್‌ಪೋರ್ಟ್ ನನ್ನ ಕೈಗಿಟ್ಟಳು.

ಪಾಸ್‌ಪೋರ್ಟ್ ಕೈಯಲ್ಲಿದ್ದಾಗ ಸತ್ಯ ಹೇಳುವುದು ಇನ್ನೂ ಕಷ್ಟ. ನಾಲ್ಕು ಹೆಜ್ಜೆ ಹಾಕಿದರೆ ಬೀದಿ. ನಾನು ಎರಡು ಹೆಜ್ಜೆ ಹಾಕಿದೆ ಕೂಡ. ಕಾಕಾ ಹಿಂದೆ ಬರಲಿಲ್ಲ, ಕಿತ್ತಳೆ ತಿನ್ನುತ್ತ ಕೂತೇ ಇದ್ದರು, ಒಂದೊಂದೇ ತೊಳೆ ಬಿಡಿಸಿ, ಬೀಜ ಅಂಗೈಗೆ ತೆಗೆದು. ಅವರು ಏಳುವುದಿಲ್ಲ ಎಂದು ನನಗೆ ಗೊತ್ತಾಯಿತು. ತಿರುಗಿ ಬಂದು ಹೇಳಿದೆ. ಫಿಲ್ಟರ್ ಸರಿಯಾಗೇ ಇತ್ತು, ಬೇಡವೆಂದ ಕಡೆ ಹೋದವನು ನಾನು, ನೀರಲ್ಲಿ ಸೆಲ್ಫ್ ಒತ್ತಿದವನು ನಾನು, ಕೇಳಿದಾಗ ಇಲ್ಲವೆಂದವನೂ ನಾನು. ಅದೊಂದು ಸಲ ನನ್ನ ಇಂಗ್ಲಿಷನ್ನು ಯಾರಿಗೂ ಎರಡನೇ ಸಲ ಹೇಳಬೇಕಾಗಲಿಲ್ಲ.

ನೋಯಿ ಖಾಮ್ಸಿಂಗನನ್ನು ಕರೆದಳು. ಲಾವೋ ಭಾಷೆಯಲ್ಲಿ ನಾಲ್ಕು ಮಾತು ಹೇಳಿದಳು. ಅವನು ಒದ್ದೆ ಕೈ ಪ್ಯಾಂಟಿಗೆ ಒರೆಸುತ್ತ ಕೇಳಿದ. ಅವನ ಮುಖ ಅರಳುತ್ತದೆ, ಕೈ ಹಿಡಿದು ಕುಲುಕುತ್ತಾನೆ, ನಾನು ಪರವಾಗಿಲ್ಲ ಎನ್ನುತ್ತೇನೆ ಎಂದು ಅದಾಗಲೇ ಮನಸ್ಸಿನಲ್ಲಿ ಚಿತ್ರ ಬರೆದಿದ್ದೆ. ಒಪ್ಪಿಕೊಂಡ ಎರಡು ನಿಮಿಷಕ್ಕೇ ಬಹುಮಾನ ಬೇಕಾಗಿತ್ತು ನನಗೆ. ಅವನು ನಗಲಿಲ್ಲ. ನನ್ನ ಎದುರು ಬಂದು, ನಿಧಾನವಾಗಿ, ಇಂಗ್ಲಿಷಿನಲ್ಲಿ ಹೇಳಿದ್ದರ ಸಾರ ಇದು: ನಾಲ್ಕು ಸ್ಕ್ರೂ ಬಿಗಿ ಮಾಡಿದ್ದು ನನಗೆ ನೆನಪಿತ್ತು. ಎರಡು ರಾತ್ರಿ ಮಲಗಿಕೊಂಡು ಮತ್ತೆ ಮತ್ತೆ ನೆನಪಿನಲ್ಲಿ ಬಿಗಿ ಮಾಡಿ ನೋಡಿದೆ. ನೀವು ಓದಿದವರು, ನೀವು ಹೇಳಿದ ಮೇಲೆ ನನ್ನ ಕೈಯೇ ತಪ್ಪು ಮಾಡಿರಬೇಕು ಅಂದುಕೊಂಡೆ.

ನಾನು ಕ್ಷಮಿಸಿ ಎಂದೆ. ಅವನು ತಲೆಯಾಡಿಸಿದ, ಕ್ಷಮಿಸಿದೆ ಎನ್ನುವಂತೆ ಅಲ್ಲ, ಕೇಳಿಸಿತು ಎನ್ನುವಂತೆ. ಮತ್ತೆ ಹಿಂದೆ ಹೋಗಿ ತೊಳೆಯುತ್ತಿದ್ದ ಬೈಕನ್ನು ಪೂರ್ತಿ ತೊಳೆದ. ನೋಯಿ ಗೋಡೆಯ ಹಲಗೆಯ ಮೇಲೆ ಮರುದಿನದ ತಂಡದ ಎದುರಿಗಿದ್ದ ಹೆಸರು ಒರೆಸಿ ಬೇರೆ ಹೆಸರು ಬರೆದಳು. ಖಾಮ್ಸಿಂಗನದು ಎಂದು ಕಾಕಾಗೆ ಬೆರಳಿಟ್ಟು ತೋರಿಸಿದಳು. ರಿಪೇರಿಯ ಖರ್ಚು ನಾನು ಕಟ್ಟಿದೆ. ಹೊರಗೆ ಬಂದ ಮೇಲೆ ಕಾಕಾ ಅಂಗೈಯಲ್ಲಿದ್ದ ಬೀಜಗಳನ್ನು ಗಟಾರಕ್ಕೆ ಚೆಲ್ಲಿ, ಹಸಿವಾಗೇತಿ ನಡೀರಿ ಎಂದರು.

ವಿಮಾನ ನಿಲ್ದಾಣ

ಮರುದಿನ ವ್ಯಾನು ಹೊರಡುವ ಹೊತ್ತಿಗೆ ಖಾಮ್ಸಿಂಗ್ ಬಂದ. ಬೆಟ್ಟಕ್ಕೆ ಹೊರಟ ವೇಷದಲ್ಲಿದ್ದ, ಹಿಂದೆ ಆ ಇಬ್ಬರು ಬಿಳಿಯರು ಕಾಯುತ್ತಿದ್ದರು. ಕಾಕಾರ ಎರಡೂ ಕೈ ಹಿಡಿದು ಬಗ್ಗಿ ನಮಸ್ಕರಿಸಿದ. ಕಾಕಾ ಉಳಿದ ಚಟ್ನಿಪುಡಿಯ ಡಬ್ಬಿಯನ್ನೇ ಅವನಿಗೆ ಕೊಟ್ಟು, ಹೇಗೆ ತಿನ್ನಬೇಕೆಂದು ಹಿಂದಿಯಲ್ಲಿ ವಿವರಿಸಿದರು. ನನ್ನ ಕೈಗೆ ಅವನು ಹಳೇ ಪತ್ರಿಕೆಯಲ್ಲಿ ಸುತ್ತಿದ ಏನನ್ನೋ ಇಟ್ಟ. ನಿಮ್ಮ ವಿಡಿಯೋಗೆ ಎಂದ. ಹೋದ.

ಬಿಚ್ಚಿದರೆ ಕನೆಕ್ಟಿಂಗ್ ರಾಡ್. ಗೇಣುದ್ದದ ಉಕ್ಕು, ಬಾಳೆಹಣ್ಣಿನಂತೆ ಬಾಗಿತ್ತು.

ದೊಡ್ಡ ಚೀಲ ಆಗಲೇ ವ್ಯಾನಿನ ಮೇಲೆ ಕಟ್ಟಿದ್ದರಿಂದ ಹೆಗಲ ಚೀಲಕ್ಕೆ ಹಾಕಿಕೊಂಡೆ. ದೊಡ್ಡ ಚೀಲ ಕೌಂಟರಿನಲ್ಲಿ ಕೊಡುವಾಗ ಅದಕ್ಕೆ ಹಾಕಲು ಮರೆತೆ, ರಾಡು ಹೆಗಲ ಚೀಲದಲ್ಲೇ ಉಳಿಯಿತು. ತಪಾಸಣೆಯಲ್ಲಿ ಎಕ್ಸ್‌ರೇ ಯಂತ್ರ ನಿಂತಿತು. ಸಮವಸ್ತ್ರದ ಯುವಕ ಅದನ್ನು ಹೊರಗೆ ತೆಗೆದು, ಇದೇನು ಎಂದು ಕೇಳಿದ. ಬೈಕಿನ ಭಾಗ ಎಂದೆ. ಯಾಕೆ ಹೀಗಾಯಿತು ಎಂದ. ಹೇಳಿದೆ: ಹಳ್ಳ, ನೀರು, ಸೆಲ್ಫ್, ನಾನು. ಅವನು ನಂಬದೆ ತನ್ನ ಮೇಲಿನವನನ್ನು ಕರೆದ. ಅವನಿಗೂ ಮೊದಲಿನಿಂದ ಹೇಳಿದೆ. ಅವನ ಬಳಿ ಬೈಕಿತ್ತಂತೆ. ಇನ್ನೊಬ್ಬ ಮಹಿಳಾ ಅಧಿಕಾರಿಯನ್ನು ಕರೆದು ಮತ್ತೆ ಹೇಳಿ ಎಂದ. ಹಿಂದೆ ಸಾಲು ಬೆಳೆಯುತ್ತಿತ್ತು, ಯಾರೂ ಗೊಣಗಲಿಲ್ಲ, ಎಲ್ಲರೂ ಕಾದರು, ಕೇಳಿಸಿಕೊಂಡರು.

ಕಾಕಾ ಆಚೆ ಬೆಂಚಿನ ಮೇಲೆ ಕೂತು ಬೂಟು ಹಾಕಿಕೊಳ್ಳುತ್ತಿದ್ದರು. "ಸಲದಿಂದ ಸಲಕ್ಕ ಛಲೋ ಹೇಳಾಕತ್ತೀರಿ ಮಾಸ್ತರ್ರ" ಎಂದರು.

ಉಕ್ಕಿನ ತುಂಡನ್ನು ಒಳಗೆ ಬಿಡಲಿಲ್ಲ. ಇಂಥದ್ದನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ ಎಂದು ಮೇಜಿನ ಮೇಲೆ ಇಟ್ಟುಕೊಂಡರು. ವಿಮಾನಕ್ಕೆ ಕರೆದಾಗ ತಿರುಗಿ ನೋಡಿದೆ. ಆ ಯುವಕ ಆಗ ತಾನೇ ಪಾಳಿಗೆ ಬಂದವನೊಬ್ಬನಿಗೆ ಅದನ್ನು ಎತ್ತಿ ತೋರಿಸುತ್ತ, ತನ್ನ ಭಾಷೆಯಲ್ಲಿ ಏನೋ ಹೇಳುತ್ತಿದ್ದ. ಎದೆಯ ಮಟ್ಟಕ್ಕೆ ಕೈಯಿಟ್ಟು ನೀರಿನ ಆಳ ತೋರಿಸಿದ. ಆಮೇಲೆ ಎರಡೂ ಕೈಯಲ್ಲಿ ಇಲ್ಲದ ಹ್ಯಾಂಡಲ್ ಹಿಡಿದು, ಬಲಗೈ ಹೆಬ್ಬೆರಳಿನಿಂದ ಗಾಳಿಯನ್ನು ಒತ್ತಿದ. ಒಂದು ಸಲ, ಎರಡು ಸಲ, ಮೂರು ಸಲ.